ಕೇಳದೇ ಬಿಟ್ಟ ಪ್ರಶ್ನೆಗೆ ಯಾರು ಹೊಣೆ?

ಲಂಚದ ನೋಟು ಮುಟ್ಟಿದ ಪೊಲೀಸರ ಬೆರಳನ್ನು ಲೋಕಾಯುಕ್ತರು ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸರ್ಕಾರಿ ಅಭಿಯೋಜಕರು ಸಾಕ್ಷಿಗೆ ಕೇಳದೇ ಬಿಟ್ಟ ಪ್ರಶ್ನೆ ಹೀಗೆ ಯಾವ ಬಣ್ಣವನ್ನೂ ಉಳಿಸುವುದಿಲ್ಲ. ಕೇಸು ಬಿದ್ದುಹೋಗುತ್ತದೆ, ಆರೋಪಿ ಖುಲಾಸೆಯಾಗುತ್ತಾನೆ, ‘ಸಾಕ್ಷ್ಯಾಧಾರಗಳ ಕೊರತೆ’ ಎಂದು ಪತ್ರಿಕೆಯಲ್ಲಿ ಒಂದು ಸಾಲು ಬರುತ್ತದೆ. ಆ ಕೊರತೆ ಹೇಗಾಯಿತು, ಯಾರಿಂದಾಯಿತು ಎಂದು ಕೇಳುವವರಿಲ್ಲ.

ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಬೆಂಗಳೂರಿಗೆ ಬಂದದ್ದೇ ಈ ಕಾರಣಕ್ಕೆ. 2001ರಲ್ಲಿ ಅವರು ಮತ್ತೆ ಅಧಿಕಾರ ಹಿಡಿದ ಮೇಲೆ ಚೆನ್ನೈನ ನ್ಯಾಯಾಲಯಕ್ಕೆ 76 ಸಾಕ್ಷಿಗಳನ್ನು ಪಾಟೀಸವಾಲಿಗೆಂದು ಮರಳಿ ಕರೆಸಲಾಯಿತು. ಅವರಲ್ಲಿ 64 ಮಂದಿ ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು. ಅಭಿಯೋಜಕರು ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಘೋಷಿಸುವಂತೆ ಕೋರಲೇ ಇಲ್ಲ. ಆರೋಪಿಯ ಕೈಕೆಳಗಿನ ಸರ್ಕಾರವೇ ಆರೋಪಿಯ ವಿರುದ್ಧ ವಕೀಲರನ್ನು ನಿಲ್ಲಿಸಿದರೆ ಇನ್ನೇನಾದೀತು? ಡಿಎಂಕೆಯ ಕೆ. ಅನ್ಬಳಗನ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2003ರ ನವೆಂಬರ್ 18ರಂದು ವಿಚಾರಣೆಯನ್ನು ಕರ್ನಾಟಕಕ್ಕೆ ವರ್ಗಾಯಿಸಿತು.

ಊರು ಬದಲಾದರೂ ಕಾಟ ತಪ್ಪಲಿಲ್ಲ. ವರ್ಷಗಟ್ಟಲೆ ಪ್ರಕರಣ ನಡೆಸಿದ ಬಿ.ವಿ. ಆಚಾರ್ಯ ಅವರು ಒತ್ತಡದ ಮಾತೆತ್ತಿ 2012ರಲ್ಲಿ ವಿಶೇಷ ಅಭಿಯೋಜಕ ಹುದ್ದೆ ತೊರೆದರು. 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಮೈಕೆಲ್ ಡಿ'ಕುನ್ಹ ಅವರು ಜಯಲಲಿತಾ ಅವರಿಗೆ ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಮೇಲ್ಮನವಿ ಹೈಕೋರ್ಟಿಗೆ ಬಂದಾಗ ವಾದಿಸಲು ಬಂದ ಅಭಿಯೋಜಕರನ್ನು ನೇಮಿಸಿದ್ದು ಮತ್ತೆ ತಮಿಳುನಾಡು! ಆ ನೇಮಕ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2015ರ ಏಪ್ರಿಲ್ 27ರಂದು ಹೇಳಿತು. ಆದರೆ ಅಷ್ಟರಲ್ಲಿ ವಾದ ಮುಗಿದಿತ್ತು. ಮರುವಿಚಾರಣೆ ಬೇಡ, ಕರ್ನಾಟಕ ಲಿಖಿತ ವಾದ ಸಲ್ಲಿಸಲಿ ಎಂದಿತು ಪೀಠ. ಸಿಕ್ಕಿದ್ದು ಒಂದೇ ದಿನ. ಮೇ 11ರಂದು ಖುಲಾಸೆ. ಆ ತೀರ್ಪಿನಲ್ಲಿ, ಕೂಡಿದಾಗ 10.67 ಕೋಟಿ ಆಗಬೇಕಿದ್ದ ಆರೋಪಿಗಳ ಸಾಲಗಳ ಮೊತ್ತ 24.17 ಕೋಟಿ ಆಗಿತ್ತು. ಎದುರು ಪಕ್ಷದ ಲೆಕ್ಕವನ್ನು ಹಟ ಹಿಡಿದು ತಿದ್ದುವ ಅಭಿಯೋಜಕರೊಬ್ಬರು ಆ ವಾದದುದ್ದಕ್ಕೂ ಇದ್ದಿದ್ದರೆ ಈ ಕೂಡಿಕೆ ತಪ್ಪು ತೀರ್ಪಿನವರೆಗೆ ಬರುತ್ತಿತ್ತೇ ಎಂಬುದು ನನ್ನ ಅನುಮಾನ. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಶಿಕ್ಷೆಯ ತೀರ್ಪನ್ನು ಎತ್ತಿಹಿಡಿಯುವಷ್ಟರಲ್ಲಿ ಮೊದಲ ಆರೋಪಿ ಜಯಲಲಿತಾ ತೀರಿಕೊಂಡಿದ್ದರು.

ಇಲ್ಲಿ ಯಾವ ಅಭಿಯೋಜಕರೂ ಲಂಚ ಪಡೆದರೆಂದು ಸಾಬೀತಾಗಿಲ್ಲ, ಸಾಬೀತಾಗಬೇಕಾದ ಅಗತ್ಯವೂ ಬೀಳಲಿಲ್ಲ. ನೇಮಕದ ಚೀಟಿ ಯಾರ ಕೈಯಲ್ಲಿದೆ ಎಂಬುದೇ ಸಾಕು. ವಿಶೇಷ ಅಭಿಯೋಜಕರಾಗಲು ಕಾನೂನು ಕೇಳುವುದು ಹತ್ತು ವರ್ಷದ ವಕೀಲಿಕೆ, ಆರಿಸುವುದು ಸರ್ಕಾರ.

ತಮಿಳುನಾಡಿನತ್ತ ಬೆರಳು ತೋರುವಷ್ಟು ನಾವೂ ಶುದ್ಧರಲ್ಲ. ಪ್ರಕರಣ ಹಿಂಪಡೆಯುವ ಅರ್ಜಿ ಅಭಿಯೋಜಕರ ಸ್ವಂತ ವಿವೇಚನೆಯಿಂದ ಬರಬೇಕೆಂಬುದು ಕಾನೂನು. ವಿಧಾನಸೌಧದಲ್ಲಿ ಮಾತ್ರ ಅದು ಸಂಪುಟದ ಅಜೆಂಡಾ. 2020ರಲ್ಲಿ ಬಿಜೆಪಿ ಸರ್ಕಾರ ಜನಪ್ರತಿನಿಧಿಗಳೂ ಇದ್ದ 61 ಪ್ರಕರಣ ಕೈಬಿಡಲು ಹೊರಟಾಗ ಹೈಕೋರ್ಟ್ ತಡೆಯಿತು. 2024ರಲ್ಲಿ ಕಾಂಗ್ರೆಸ್ ಸರ್ಕಾರ ಹುಬ್ಬಳ್ಳಿ ಗಲಭೆಯೂ ಸೇರಿದ 43 ಪ್ರಕರಣ ಹಿಂಪಡೆಯಲು ಆದೇಶಿಸಿತು. ಮರುವರ್ಷ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಪಕ್ಷ ಬದಲಾಗಿದೆ, ಚಾಳಿ ಬದಲಾಗಿಲ್ಲ. ಎರಡೂ ಸಲ ಜನರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ತಾಲ್ಲೂಕು ನ್ಯಾಯಾಲಯದ ಸಹಾಯಕ ಸರ್ಕಾರಿ ಅಭಿಯೋಜಕರ (ಎಪಿಪಿ) ಎಲ್ಲ ಸೋಲೂ ಅಪ್ರಾಮಾಣಿಕತೆಯಲ್ಲ, ನಿಜ. ಬೆಳಿಗ್ಗೆ ಕೈಗೆ ಬಂದ ಕಡತವನ್ನು ಮಧ್ಯಾಹ್ನ ವಾದಿಸುವವರಿದ್ದಾರೆ. ತನಿಖಾಧಿಕಾರಿ ಕೆಡಿಸಿಟ್ಟ ಪಂಚನಾಮೆಯನ್ನು ಅವರು ಹೊಸದಾಗಿ ಬರೆಯಲಾರರು. ಅಸಹಾಯಕತೆ ಯಾವುದು, ಒಳಒಪ್ಪಂದ ಯಾವುದು ಎಂದು ಬೇರ್ಪಡಿಸಲು ಒಂದು ದಾರಿ ಬೇಕು. ಅದನ್ನು ಸುಪ್ರೀಂ ಕೋರ್ಟೇ ತೋರಿಸಿತ್ತು. ಗುಜರಾತಿನಲ್ಲಿ ಆರು ವರ್ಷದ ಬಾಲಕಿಯ ಅತ್ಯಾಚಾರ–ಕೊಲೆ ಪ್ರಕರಣದ ಆರೋಪಿ ತನಿಖೆ ಮತ್ತು ಅಭಿಯೋಜನೆಯ ಲೋಪಗಳಿಂದ ಬಿಡುಗಡೆಯಾದಾಗ, ಪ್ರತಿ ಖುಲಾಸೆಯನ್ನೂ ಸಮಿತಿಯೊಂದು ಪರಿಶೀಲಿಸಿ ತಪ್ಪಿತಸ್ಥ ಅಧಿಕಾರಿಗಳನ್ನು ಗುರುತಿಸಬೇಕೆಂದು 2014ರ ಜನವರಿ 7ರಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಗಡುವು ಆರು ತಿಂಗಳು.

ಆದರೆ ಆ ಸಮಿತಿಯಲ್ಲಿ ಕೂರಬೇಕಾದವರು ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಗಳ ಹಿರಿಯರೇ. ಅಲ್ಲಿ ನಿವೃತ್ತ ಸೆಷನ್ಸ್ ನ್ಯಾಯಾಧೀಶರೊಬ್ಬರು ಇರಲಿ, ವರದಿ ವಿಧಾನಮಂಡಲದ ಮುಂದೆ ಬರಲಿ. ವಿಚಾರಣಾ ನ್ಯಾಯಾಧೀಶರು ತೀರ್ಪಿನಲ್ಲಿ ಅಭಿಯೋಜಕರ ಬಗ್ಗೆ ಬರೆದ ಟೀಕೆ ಅವರ ಮುಂದಿನ ನೇಮಕದ ಕಡತಕ್ಕೆ ಕಡ್ಡಾಯವಾಗಿ ಸೇರಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಗೃಹ ಇಲಾಖೆಯ ಒಂದು ಆದೇಶ ಸಾಕು.