ಚನ್ನಪಟ್ಟಣದ ಗೊಂಬೆಗೆ ಮಂಡ್ಯದ ಹುಡುಗರು ಮಾತು ಕಲಿಸಬಾರದೆ?

ಮದ್ದೂರಿನಲ್ಲಿ ಬೆಂಗಳೂರು ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಚನ್ನಪಟ್ಟಣ. ಹಾಲೆಮರವನ್ನು ಲೇತಿಗೆ ಕೊಟ್ಟು, ತಿರುಗುವ ಮರಕ್ಕೆ ಅರಗು ಒತ್ತಿ ಬಣ್ಣ ಹಿಡಿಸುವ ಅಲ್ಲಿನ ಕಸುಬಿಗೆ ಭೌಗೋಳಿಕ ಗುರುತು ಸಿಕ್ಕಿ ಎರಡು ದಶಕವೇ ಆಯಿತು. ಗುರುತು ಸಿಕ್ಕರೇನು ಬಂತು? ಅಂಗಡಿಗೆ ಬಂದ ಮಗು ಕೈ ಚಾಚುವುದು ಗುಂಡಿ ಒತ್ತಿದರೆ ಕೂಗುವ ಪ್ಲಾಸ್ಟಿಕ್ ಗೊಂಬೆಗೆ. ಆಮದು ಆಟಿಕೆಯ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿಸಿತು. ಆದರೆ ಸುಂಕದಿಂದ ಗೊಂಬೆಗೆ ಬಾಯಿ ಬರುತ್ತದೆಯೆ? ಸಾಲದೆಂಬಂತೆ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಚನ್ನಪಟ್ಟಣ, ಮದ್ದೂರು, ಮಂಡ್ಯ ಮೂರನ್ನೂ ಬದಿಗೆ ಸರಿಸಿ ಓಡಿತು. ರಸ್ತೆ ಬದಿ ವ್ಯಾಪಾರ ಮಾಡುವವರಿಗೆ ಅದರ ಬಿಸಿ ಗೊತ್ತು, ನಾವು ಹೇಳಬೇಕಿಲ್ಲ.

ಈಗ ಒಂದು ದಾರಿ ಕಾಣುತ್ತಿದೆ. ಮೈಕ್ರೊಕಂಟ್ರೋಲರ್ ಚಿಪ್ಪು ಕೂತ ಪುಟ್ಟ ಬೋರ್ಡು, ಒಂದು ಗುಂಡಿ, ಎರಡು ಎಲ್.ಇ.ಡಿ. ದೀಪ, ಸಣ್ಣ ಸ್ಪೀಕರು, ಬ್ಯಾಟರಿ. ಒಂದು ಸಾವಿರ ರೂಪಾಯಿಯೊಳಗೆ ಎಲ್ಲ ಮುಗಿಯುತ್ತೆ. ಮರದ ಹಸುವಿನ ಹೊಟ್ಟೆ ಕೊರೆದು ಇದನ್ನು ಇಡಬಹುದು. ಬೆನ್ನು ಒತ್ತಿದರೆ ‘ಅಂಬಾ’ ಅನ್ನಬೇಕು, ಮೂರು ಸಲ ಒತ್ತಿದರೆ ಕಣ್ಣು ಮಿನುಗಬೇಕು ಎಂದರೆ ಹಿಂದೆ ಅದಕ್ಕೆಂದೇ ಓದಿದವರು ಕೂತು ಪ್ರೋಗ್ರಾಂ ಬರೆಯಬೇಕಿತ್ತು. ಈಗ ಎಐಗೆ ಇದೇ ಮಾತನ್ನು ಕನ್ನಡದಲ್ಲೇ ಟೈಪು ಮಾಡಿದರೆ ಬರೆದು ಕೊಡುತ್ತೆ.

ಹಾಗಂತ ಅದು ಬರೆದದ್ದೆಲ್ಲ ವೇದವಾಕ್ಯವಲ್ಲ. ಒಮ್ಮೆ ಒತ್ತಿದ ಗುಂಡಿಯೊಳಗಿನ ಲೋಹ ಅದುರಿ ನಾಲ್ಕು ಸಲ ಒತ್ತಿದ ಲೆಕ್ಕವಾಗುವುದುಂಟು. ಆಗ ಹಸು ಸುಮ್ಮಸುಮ್ಮನೆ ಕಣ್ಣು ಮಿಟುಕಿಸುತ್ತೆ! ರೆಸಿಸ್ಟರು ಹಾಕದೆ ಜೋಡಿಸಿದ ದೀಪ ಸುಟ್ಟು ಹೋಗುತ್ತೆ. ಇದನ್ನು ಹಿಡಿಯುವವನು ಮಳವಳ್ಳಿಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗ, ಕಂಪ್ಯೂಟರಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಕಳಿಸಿದ ತಾಲ್ಲೂಕು ಕಣ್ರೀ ಅದು, ಒಂದು ಗೊಂಬೆ ಕೂಗಿಸಲಾರದೆ?

ಅವಸರವೂ ಬೇಡ. ಬಟನ್ ಬ್ಯಾಟರಿ ನುಂಗಿದ ಮಗುವಿನ ಅನ್ನನಾಳ ಎರಡೇ ಗಂಟೆಯಲ್ಲಿ ಸುಡಬಹುದು. ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಇಂಟರ್‌ನೆಟ್ಟಿನ ಸಹವಾಸವೂ ಬೇಡ. ಮನೆ ಮಾತು ಹೊರಗೆ ಸಾಗಿಸಬಲ್ಲದೆಂದು ‘ಕೇಯ್ಲಾ’ ಎಂಬ ಮಾತಾಡುವ ಗೊಂಬೆಯನ್ನು ಜರ್ಮನಿ 2017ರಲ್ಲಿ ನಿಷೇಧಿಸಿತು. ಇನ್ನು 2021ರ ಜನವರಿಯಿಂದ ಆಟಿಕೆಗೆ ಐ.ಎಸ್.ಐ. ಮುದ್ರೆ ಕಡ್ಡಾಯ. ಕುಶಲಕರ್ಮಿಗಳಿಗೆ ವಿನಾಯಿತಿ ಇದೆ ನಿಜ, ಬ್ಯಾಟರಿ ಸೇರಿದ ಮೇಲೆ ಏನು ಕಥೆ ಎಂಬುದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದವರೇ ಬಾಯಿಬಿಟ್ಟು ಹೇಳಲಿ.

ಮಂಡ್ಯದಲ್ಲಿ 1962ರಿಂದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿದೆ. ಅಟಲ್ ಟಿಂಕರಿಂಗ್ ಲ್ಯಾಬಿಗೆಂದು ಕೇಂದ್ರ ಒಂದೊಂದು ಶಾಲೆಗೆ 20 ಲಕ್ಷದವರೆಗೆ ಕೊಡುತ್ತದೆ. ಇಂಥ ಲ್ಯಾಬುಗಳ ಬಾಗಿಲು ಸಂಜೆ ಹೊತ್ತು, ಭಾನುವಾರ ಐ.ಟಿ.ಐ. ಹುಡುಗರಿಗೂ ರಿಪೇರಿ ಅಂಗಡಿಯವರಿಗೂ ತೆರೆದರೆ ಯಾರ ಗಂಟು ಹೋಗುತ್ತೆ? ಅಲ್ಲಿ ತಯಾರಾದ ಮಾದರಿ ಹಿಡಿದು ಚನ್ನಪಟ್ಟಣದ ಲೇತಿನವರ ಮುಂದೆ ಕೂರಲಿ. ಹೊಟ್ಟೆ ಎಷ್ಟು ಕೊರೆದರೆ ಮರ ಸೀಳುತ್ತೆ ಎಂಬುದನ್ನು ಯಾವ ಎಐಗಿಂತ ಅವರೇ ಚೆನ್ನಾಗಿ ಬಲ್ಲರು.

ಜಿಲ್ಲಾಡಳಿತ, ಕಾಲೇಜಿನ ಆಡಳಿತ ಮಂಡಳಿ ಇತ್ತ ಗಮನ ಹರಿಸುವರೆ? ಹೋಗಿಬರುವ ಖರ್ಚಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಹೇಗೂ ಟಿಕೆಟ್ಟಿಗೆ ಕಾಸಿಲ್ಲ. ಹುಡುಗರ ಚಾರ್ಜನ್ನು ಪೇಟೆಬೀದಿಯ ವರ್ತಕರನ್ನು ಕೇಳಿ ನೋಡಿ.