ಹಳೇ ಸೀರೆ ಕೊಟ್ಟರೆ ಸಾಕೇ? ದಾರಿಯನ್ನೂ ತೋರಿಸಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಿಮ್ಮ ಮನೆ ಕೆಲಸಕ್ಕೆ ಬರುವಾಕೆ ನಗುನಗುತ್ತಾ ‘ಅಕ್ಕಾ, ಮಗಳು ಪಾಸಾದ್ಲು’ ಅಂತ ಹೇಳಿರುತ್ತಾಳೆ. ನೀವೂ ಖುಷಿಯಿಂದ ಒಂದು ಡಬ್ಬಿ ಸ್ವೀಟು, ಐನೂರು ರೂಪಾಯಿ, ಒಂದು ಒಳ್ಳೆ ಚೂಡಿದಾರ್ ಕೊಟ್ಟಿರುತ್ತೀರಿ. ‘ಚೆನ್ನಾಗಿ ಓದಿಸಮ್ಮಾ’ ಅಂತ ಬುದ್ಧಿಮಾತನ್ನೂ ಹೇಳಿರುತ್ತೀರಿ. ಆಮೇಲೆ? ನಿಮ್ಮ ಮನೆಯ ರಗಳೆಗಳಲ್ಲಿ ನೀವು ಮುಳುಗುತ್ತೀರಿ. ಗೌರಿ ಹಬ್ಬದ ಹೊತ್ತಿಗೆ ನೆನಪಾಗಿ ‘ಮಗಳು ಯಾವ ಕಾಲೇಜು?’ ಅಂತ ಕೇಳಿದರೆ ಉತ್ತರ ಬರುತ್ತೆ: ‘ಇಲ್ಲಕ್ಕಾ, ಎಲ್ಲೂ ಸೇರಿಸ್ಲಿಲ್ಲ. ಸುಮ್ನೆ ಮನೇಲಿದ್ಲು. ಈಗ ಪಕ್ಕದ ಅಂಗಡಿಗೆ ಕೆಲಸಕ್ಕೆ ಹೋಗ್ತಾಳೆ. ಗಂಡು ನೋಡ್ತಾ ಇದೀವಿ.’

ಸ್ವೀಟು ಕೊಟ್ಟ ದಿನಕ್ಕೂ ಈ ಉತ್ತರಕ್ಕೂ ನಡುವೆ ಇರೋದು ಮೂರು-ನಾಲ್ಕು ತಿಂಗಳು ಅಷ್ಟೇ. ಆದರೆ ಒಬ್ಬ ಹುಡುಗಿಯ ಮುಂದಿನ ನಲವತ್ತು ವರ್ಷ ಹೇಗಿರಬೇಕು ಅನ್ನೋದು ಅಷ್ಟರಲ್ಲೇ ತೀರ್ಮಾನ ಆಗಿಬಿಟ್ಟಿರುತ್ತೆ!

ಇದಕ್ಕೆ ಬಡತನವೇ ಕಾರಣ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಬಡತನ ಇದೆ, ಸುಳ್ಳಲ್ಲ. ಆದರೆ ಎಷ್ಟೋ ಸಲ ಕೊರತೆಯಾಗೋದು ದುಡ್ಡಲ್ಲ, ಮಾಹಿತಿ. ನಮ್ಮ ಮಕ್ಕಳಿಗೆ ಎಂಜಿನಿಯರ್ ಚಿಕ್ಕಪ್ಪ ಇರ್ತಾನೆ, ಬ್ಯಾಂಕಿನಲ್ಲಿ ಅತ್ತೆ ಇರ್ತಾಳೆ, ಎದುರು ಮನೆಯಲ್ಲಿ ಲೆಕ್ಚರರ್ ಇರ್ತಾರೆ. ಯಾವ ಕೋರ್ಸು, ಯಾವ ತಾರೀಕು, ಯಾರನ್ನ ಕೇಳಬೇಕು ಅನ್ನೋದು ಊಟದ ಹೊತ್ತಿನ ಮಾತಿನಲ್ಲೇ ಅವರ ಕಿವಿಗೆ ಬಿದ್ದಿರುತ್ತೆ. ಆ ಹುಡುಗಿಗೆ ಹಾಗೆ ಹೇಳುವವರು ಯಾರಿದ್ದಾರೆ? ಅಮ್ಮ ಐದು ಮನೆ ಪಾತ್ರೆ ತೊಳೀತಾಳೆ. ಅಪ್ಪ ಗಾರೆ ಕೆಲಸಕ್ಕೆ ಹೋಗ್ತಾನೆ. ಅವರಿಗೆ ‘ಗೊತ್ತಿರುವವರು’ ಅಂದ್ರೆ ನೀವೇ. ಹೌದು, ನೀವೇ!

ಕೆಲಸ ಬೇರೆ, ಬದುಕು ಕಟ್ಟುವ ಉದ್ಯೋಗ ಬೇರೆ

‘ನಮ್ಮವರ ಪರಿಚಯದ ಅಂಗಡೀಲಿ ಸೇಲ್ಸ್‌ಗೆ ಹಾಕಿಸಿದೀನಿ’ ಅಂತ ಹೆಮ್ಮೆಯಿಂದ ಹೇಳುವ ಗೆಳತಿಯರಿದ್ದಾರೆ. ಒಳ್ಳೆಯ ಮನಸ್ಸು, ಬೇಡ ಅನ್ನೋಲ್ಲ. ಆದರೆ ಹದಿನೆಂಟರಲ್ಲಿ ಸೇಲ್ಸ್‌ಗರ್ಲ್ ಆದವಳು ಇಪ್ಪತ್ತೆಂಟಕ್ಕೂ ಸೇಲ್ಸ್‌ಗರ್ಲ್ ಆಗಿಯೇ ಇದ್ದರೆ, ಸಂಬಳವೂ ಅಲ್ಲೇ ಕುಂಟುತ್ತಿದ್ದರೆ, ನಾವು ಕೊಡಿಸಿದ್ದೇನು?

ಒಳ್ಳೇ ಉದ್ಯೋಗಕ್ಕೆ ನನ್ನ ಲೆಕ್ಕದಲ್ಲಿ ನಾಲ್ಕು ಗುರುತು. ಕೈಗೆ ನೇಮಕದ ಪತ್ರ ಬರಬೇಕು. ಸಂಬಳ ಬ್ಯಾಂಕಿಗೆ ಬೀಳಬೇಕು. ಪಿಎಫ್, ಇಎಸ್‌ಐ ಇರಬೇಕು. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯ: ಐದು ವರ್ಷದ ನಂತರ ಹತ್ತೋದಕ್ಕೆ ಇನ್ನೊಂದು ಮೆಟ್ಟಿಲು ಇರಬೇಕು. ಗಾರ್ಮೆಂಟ್ಸ್ ಕೆಲಸವನ್ನೇ ನೋಡಿ. ಅದು ಕೀಳಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಪಿಎಫ್, ಇಎಸ್‌ಐ ಸಿಗುತ್ತೆ. ಲಕ್ಷಾಂತರ ಹೆಣ್ಣುಮಕ್ಕಳ ಮನೆ ನಡೆದಿರೋದೇ ಅದರಿಂದ. ತೊಂದರೆ ಇರೋದು ನಾಲ್ಕನೇ ಗುರುತಿನಲ್ಲಿ. ಮಷೀನಿನ ಮುಂದೆ ಕೂತವರಲ್ಲಿ ಹೆಚ್ಚಿನವರು ಎಷ್ಟೇ ವರ್ಷ ಕಳೆದರೂ ಮಷೀನಿನ ಮುಂದೆಯೇ ಇರ್ತಾರೆ.

ಮೊದಲು ಕೇಳಿ, ಆಮೇಲೆ ಹೇಳಿ

ಸಹಾಯ ಮಾಡೋಕೆ ಹೊರಟ ತಕ್ಷಣ ‘ನರ್ಸಿಂಗ್ ಮಾಡ್ಸು, ಟೈಲರಿಂಗ್ ಕಲಿಸು’ ಅಂತ ತೀರ್ಪು ಕೊಡೋದು ನಮಗೆಲ್ಲ ಅಭ್ಯಾಸ. ಸ್ವಲ್ಪ ತಾಳಿ. ಆ ಹುಡುಗಿಯನ್ನೇ ಒಂದು ಭಾನುವಾರ ಕರೆದು ಕೂರಿಸಿ. ಅಡುಗೆಮನೆಯ ನೆಲದ ಮೇಲಲ್ಲ, ಹಾಲ್‌ನಲ್ಲಿ, ಕುರ್ಚಿ ಮೇಲೆ. ಕಾಫಿ ಕೊಡಿ. ಅವಳಿಗೇನಿಷ್ಟ, ಯಾವ ಸಬ್ಜೆಕ್ಟು ಸುಲಭ ಅನ್ನಿಸ್ತಿತ್ತು, ರಕ್ತ ಕಂಡರೆ ಹೆದರ್ತಾಳಾ, ಮಿಕ್ಸಿ ಕೆಟ್ಟರೆ ಬಿಚ್ಚಿ ನೋಡೋ ಕುತೂಹಲ ಇದೆಯಾ, ಇಂಗ್ಲಿಷ್ ಅಂದ್ರೆ ಭಯವಾ... ಕೇಳಿ. ಮೊದಲ ಅರ್ಧ ಗಂಟೆ ‘ಏನೂ ಇಲ್ಲ ಆಂಟಿ’ ಅಂತಲೇ ಅನ್ನಬಹುದು. ಬಿಡಬೇಡಿ. ಮನೆಯಲ್ಲಿ ಕಾಯಿಲೆಯವರಿದ್ದಾರಾ, ತಮ್ಮನನ್ನ ನೋಡಿಕೊಳ್ಳೋ ಹೊಣೆ ಇವಳದಾ ಅನ್ನೋದೂ ಗೊತ್ತಾಗಬೇಕು. ದಾರಿ ಎಷ್ಟೇ ಚೆನ್ನಾಗಿದ್ದರೂ ಮನೆ ಬಿಟ್ಟು ಹೊರಡೋಕೆ ಆಗದಿದ್ದರೆ ಏನು ಪ್ರಯೋಜನ?

ದಾರಿಗಳು ಇವೆ

ಫೇಲಾದವಳಿಗೆ ಮೊದಲು ಹೇಳಬೇಕಾದ ಮಾತು: ಕತೆ ಮುಗಿದಿಲ್ಲ. ನಮ್ಮ ರಾಜ್ಯದಲ್ಲಿ 2024ರಿಂದ ಅದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯೋ ಅವಕಾಶ ಇದೆ. ಶಾಲೆ ಬಿಟ್ಟು ವರ್ಷಗಳೇ ಆಗಿದ್ದರೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಇದೆ. ಅಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷದೊಳಗೆ ಒಂದೊಂದೇ ವಿಷಯ ಬರೆದು ಮುಗಿಸಬಹುದು. ದುಡಿಯುತ್ತಲೇ ಓದುವವರಿಗೆ ಇದು ವರ.

ಪಾಸಾದವರಿಗೆ ಸರ್ಕಾರಿ ಐಟಿಐ ಇದೆ. ಶುಲ್ಕ ತೀರಾ ಕಡಿಮೆ. ‘ಹುಡುಗೀರಿಗೆ ಐಟಿಐ ಯಾಕೆ’ ಅಂತ ಮೂಗು ಮುರಿಯಬೇಡಿ. ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಲ್ಲವನ್ನೂ ಹೆಣ್ಣುಮಕ್ಕಳು ಕಲೀತಿದ್ದಾರೆ. ಮಹಿಳೆಯರಿಗೇ ಮೀಸಲಾದ ಐಟಿಐಗಳೂ ಇವೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಿದ್ದಾರೆ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಎರಡು ವರ್ಷದ ಐಟಿಐ ಮುಗಿಸಿದವರು ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಮೆಟ್ಟಿಲು ಅಂದೆನಲ್ಲ, ಅದು ಇದೇ.

ಜಿಟಿಟಿಸಿ ಹೆಸರು ಕೇಳಿದ್ದೀರಾ? ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಕಲಬುರಗಿ ಸೇರಿ ಹಲವು ಊರುಗಳಲ್ಲಿದೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕೈಕೆಲಸ ಕಲಿಸುವುದರಲ್ಲಿ ಇದಕ್ಕೆ ಒಳ್ಳೇ ಹೆಸರಿದೆ.

ಅಪ್ರೆಂಟಿಸ್ ಅನ್ನೋ ದಾರಿ ಇನ್ನೊಂದು. 1961ರ ಕಾಯ್ದೆಯ ಪ್ರಕಾರ ಕಲಿಯುವಾಗಲೇ ಪ್ರತಿ ತಿಂಗಳು ಸ್ಟೈಪೆಂಡ್ ಕೊಡಬೇಕು. ಎಚ್‌ಎಎಲ್, ಬಿಇಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆಯಂಥ ಕಡೆ ಐಟಿಐ ಆದವರನ್ನು ಹೀಗೆ ತೆಗೆದುಕೊಳ್ತಾರೆ. ಅಲ್ಲೇ ಕಾಯಂ ಆಗುತ್ತೆ ಅಂತ ಭರವಸೆ ಇಲ್ಲ. ಆದರೆ ಆ ಪ್ರಮಾಣಪತ್ರ ಬೇರೆ ಕಂಪನಿಗಳ ಬಾಗಿಲು ತೆರೆಯುತ್ತೆ.

ಆಸ್ಪತ್ರೆ ಕೆಲಸ ಇಷ್ಟವಾದರೆ ಪಿಯುಸಿ ನಂತರ ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಇದೆ. ಪ್ಯಾರಾಮೆಡಿಕಲ್ ಡಿಪ್ಲೊಮಾಗಳೂ ಇವೆ. ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್... ಡಾಕ್ಟರ್ ಒಬ್ಬರಿಂದಲೇ ಆಸ್ಪತ್ರೆ ನಡೆಯೋಲ್ಲ ಅಲ್ವಾ?

ಮೂವತ್ತು ದಾಟಿದ ಅಮ್ಮಂದಿರಿಗೆ?

ಮಗಳಿಗೆ ಮಾತ್ರ ಅಲ್ಲ, ಅಮ್ಮನಿಗೂ ದಾರಿ ಇದೆ. ಅವಳಿಗೆ ಮೂರು ವರ್ಷ ಕೂತು ಓದೋಕೆ ಆಗೋಲ್ಲ. ದುಡಿಮೆ ನಿಂತರೆ ಒಲೆ ಹತ್ತೋದಿಲ್ಲ. ಅವಳಿಗೆ ಬೇಕಿರೋದು ಸಣ್ಣ ಅವಧಿಯ, ಖರ್ಚಿಲ್ಲದ ತರಬೇತಿ.

ಈ ವಿಷಯದಲ್ಲಿ ಇಡೀ ದೇಶಕ್ಕೆ ಪಾಠ ಹೇಳಿದ್ದು ನಮ್ಮ ಉಜಿರೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಆಗಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ 1982ರಲ್ಲಿ ಅಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ, ಹೈನುಗಾರಿಕೆ ಹೀಗೆ ಹತ್ತಾರು ವಿಷಯ. ಇದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಆರ್‌ಸೆಟಿ ಕೇಂದ್ರಗಳನ್ನು ತೆರೆಯಿಸಿತು. ನಿಮ್ಮ ಜಿಲ್ಲೆಯ ಲೀಡ್ ಬ್ಯಾಂಕಿನಲ್ಲಿ ಕೇಳಿದರೆ ವಿಳಾಸ ಸಿಗುತ್ತೆ.

ಬೇರೆ ತರಬೇತಿಗಳು ಸೋತ ಕಡೆ ಇದು ಗೆದ್ದಿದ್ದು ಯಾಕೆ ಗೊತ್ತಾ? ಸರ್ಟಿಫಿಕೇಟ್ ಕೊಟ್ಟು ‘ಹೋಗಿ ಬಾ’ ಅನ್ನೋಲ್ಲ. ಎರಡು ವರ್ಷ ಬೆನ್ನು ಹಿಡಿದು ವಿಚಾರಿಸ್ತಾರೆ. ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಡ್ತಾರೆ. ನಾವೂ ನೀವೂ ಇಲ್ಲಿಂದ ಕಲಿಯಬೇಕಾದ್ದು ಇದನ್ನೇ.

ಮೊದಲ ತೊಂಬತ್ತು ದಿನ

ಕೋರ್ಸಿಗೆ ಸೇರಿಸಿದ ದಿನ ನಮ್ಮ ಕೆಲಸ ಮುಗೀತು ಅಂದುಕೊಂಡರೆ ತಪ್ಪಾಗುತ್ತೆ. ಹುಡುಗ-ಹುಡುಗಿಯರು ಬಿಟ್ಟು ಬರೋದು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ. ಕಾರಣಗಳು ಕೇಳಿದರೆ ‘ಇಷ್ಟಕ್ಕಾ?’ ಅನ್ನಿಸುತ್ತೆ. ಯೂನಿಫಾರ್ಮ್ ಇಲ್ಲ. ಸೂಪರ್‌ವೈಸರ್ ಗದರಿದರು. ಇಂಗ್ಲಿಷಲ್ಲಿ ಫೋನ್ ಬಂತು, ಹೆದರಿ ಎತ್ತಲಿಲ್ಲ. ಮೊದಲ ಸಂಬಳ ಬರೋವರೆಗೆ ಮಧ್ಯಾಹ್ನದ ಊಟಕ್ಕೆ, ಆಟೋಗೆ ಕಾಸಿಲ್ಲ. ಹೆಣ್ಣುಮಕ್ಕಳಿಗೆ ಬಸ್ ಖರ್ಚನ್ನು 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ತಪ್ಪಿಸಿದೆ, ನಿಜ. ಹುಡುಗರಿಗೆ ಅದೂ ಇಲ್ಲ.

ಇಲ್ಲಿ ನೀವು ಬೇಕು. ವಾರಕ್ಕೊಂದು ಫೋನ್ ಮಾಡಿ. ‘ಹೇಗಿದೆ ಪುಟ್ಟಾ, ಊಟ ಆಯ್ತಾ, ಯಾರಾದ್ರೂ ಬೈದ್ರಾ?’ ಅಷ್ಟೇ ಸಾಕು. ಮೊದಲ ತಿಂಗಳ ಖರ್ಚಿಗೆ ಕೈಗಡ ಕೊಟ್ಟು, ಸಂಬಳ ಬಂದ ಮೇಲೆ ಕಂತಿನಲ್ಲಿ ತಗೊಳ್ಳಿ. ದಾನ ಅಂದರೆ ಅವರ ತಲೆ ತಗ್ಗುತ್ತೆ, ಸಾಲ ಅಂದರೆ ತಲೆ ಎತ್ತಿಯೇ ಇರುತ್ತೆ.

ನೆನಪಿರಲಿ

* ಶಾಲೆ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಮೊದಲು ಸರಿ ಮಾಡಿಸಿ. ಸೀಟು, ಸ್ಕಾಲರ್‌ಶಿಪ್ ಎರಡೂ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.

* ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ.

* ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿಗೂ, ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕಿಸಿ. ಹಾಸ್ಟೆಲ್ ಸಿಗದಿದ್ದರೆ ‘ವಿದ್ಯಾಸಿರಿ’ ಬಗ್ಗೆ ವಿಚಾರಿಸಿ.

* ‘ಕೆಲಸ ಗ್ಯಾರಂಟಿ, ಡಿಪಾಸಿಟ್ ಕಟ್ಟಿ’ ಅನ್ನುವವರಿಂದ ದೂರ ಇರಿ. ಮೂಲ ಅಂಕಪಟ್ಟಿಯನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

* ನರ್ಸಿಂಗ್, ಪ್ಯಾರಾಮೆಡಿಕಲ್ ಕಾಲೇಜಿಗೆ ದುಡ್ಡು ಕಟ್ಟುವ ಮುನ್ನ ಅದಕ್ಕೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಅಥವಾ ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಇದೆಯಾ ನೋಡಿ. ಮೂರು ವರ್ಷ ಓದಿದ ಮೇಲೆ ಸರ್ಟಿಫಿಕೇಟ್ ನಡೆಯೋಲ್ಲ ಅಂದರೆ ಆ ಮನೆ ಮತ್ತೆ ಏಳೋಲ್ಲ.

ಒಂದು ಕಹಿ ಮಾತು

ಇನ್ನು, ನಾವ್ಯಾರೂ ಬಾಯಿಬಿಟ್ಟು ಹೇಳದ ಒಂದು ಅಳುಕು ಇದೆ. ‘ಇವರೆಲ್ಲ ಓದಿ ಆಫೀಸಿಗೆ ಹೋದರೆ ನಮ್ಮನೆ ಪಾತ್ರೆ ತೊಳೆಯೋರು ಯಾರು?’ ನಗಬೇಡಿ, ಮನಸ್ಸಿನ ಮೂಲೆಯಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಿ. ಅಮ್ಮನಿಗೆ ಜ್ವರ ಬಂದಾಗ ‘ಮಗಳನ್ನಾದ್ರೂ ಕಳಿಸು, ನಾಲ್ಕು ದಿನದ ಮಟ್ಟಿಗೆ’ ಅಂತೀವಲ್ಲ, ಆ ನಾಲ್ಕು ದಿನವೇ ಎಷ್ಟೋ ಹುಡುಗಿಯರ ಶಾಲೆ ಬಿಡಿಸಿದೆ. ಹದಿನಾಲ್ಕರ ಒಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳೋದು 2006ರ ಅಕ್ಟೋಬರ್‌ನಿಂದಲೇ ಅಪರಾಧ. ಆದರೆ ಹದಿನಾರರ ಹುಡುಗಿ ಪರೀಕ್ಷೆ ಹತ್ತಿರ ಇರುವಾಗ ನಮ್ಮ ಮನೆ ನೆಲ ಒರೆಸುತ್ತಿದ್ದರೆ ಕಾನೂನು ಕೇಳಲಿ ಬಿಡಲಿ, ನಮ್ಮ ಮನಸ್ಸು ಕೇಳಬೇಕು. ನಾಲ್ಕು ದಿನ ಪಾತ್ರೆ ನಾವೇ ತೊಳೆದರೆ ಕೈಯೇನೂ ಸವೆಯೋಲ್ಲ. ಮನೆಯ ಗಂಡಸರ ಕೈಯೂ ಸವೆಯೋಲ್ಲ!

ಅವಳಿಗೆ ಒಳ್ಳೇ ಕೆಲಸ ಸಿಕ್ಕಿ ನಮ್ಮ ಮನೆ ಬಿಟ್ಟರೆ, ಮುಂದೆ ಬರುವಾಕೆಗೆ ನಾವು ಹೆಚ್ಚು ಸಂಬಳ, ವಾರಕ್ಕೊಂದು ರಜೆ ಕೊಡಬೇಕಾಗುತ್ತೆ. ಕೊಡೋಣ. ಮನೆಗೆಲಸದವರಿಗೆ ಕನಿಷ್ಠ ವೇತನ ಅಂತ 2004ರಲ್ಲೇ ಗೊತ್ತುಪಡಿಸಿದ ರಾಜ್ಯ ನಮ್ಮದು. ಅದನ್ನ ಎಷ್ಟು ಮನೆಗಳು ವಿಚಾರಿಸಿವೆ ಅನ್ನೋದು ಬೇರೆ ಮಾತು.

ಈ ಪುಟ ಮಡಿಸಿಡುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಮನೆಗೆ ಬರುವಾಕೆ, ಹಾಲು ಹಾಕುವ ಹುಡುಗ, ಅಪಾರ್ಟ್‌ಮೆಂಟಿನ ವಾಚ್‌ಮನ್, ಇಸ್ತ್ರಿ ಅಂಗಡಿಯವರು... ಇವರಲ್ಲಿ ಯಾರ ಮನೆಯಲ್ಲಿ ಹದಿನೈದರಿಂದ ಇಪ್ಪತ್ತೈದರ ಒಳಗಿನ ಮಕ್ಕಳಿದ್ದಾರೆ ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಈ ವಾರ ಕೇಳಿ. ಹತ್ತು ಮನೆ ಬೇಡ, ಒಂದೇ ಮನೆ ಆರಿಸಿಕೊಳ್ಳಿ. ಒಬ್ಬರೇ ಹುಡುಗನೋ ಹುಡುಗಿಯೋ. ಎರಡು ವರ್ಷ ಜೊತೆಗಿರಿ. ನಿಮ್ಮ ಬೀದಿಯಲ್ಲಿ ಇನ್ನೂ ನಾಲ್ಕು ಜನ ಗೆಳತಿಯರು ಹೀಗೇ ಮಾಡಿದರೆ ಐದು ಮನೆಗಳ ಹಣೆಬರಹ ಬದಲಾಗುತ್ತೆ.

ಹಳೇ ಸೀರೆ ಕೊಡೋದನ್ನ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಸೀರೆಯ ಜೊತೆಗೆ ಅರ್ಜಿ ಹಾಕೋ ಕೊನೇ ತಾರೀಕನ್ನೂ ಬರೆದುಕೊಡಿ. ಸೀರೆ ಹರಿಯುತ್ತೆ, ಆ ತಾರೀಕು ಹಿಡಿದು ಹೋದ ಹುಡುಗಿ ಮುಂದೆ ತಾನೇ ಅಮ್ಮನಿಗೆ ಹೊಸ ಸೀರೆ ತಂದುಕೊಡ್ತಾಳೆ.