ಕಿಡ್ನಿ ಕೊಡೋದು ಹೆಂಗಸರೇ ಯಾಕ?

ನಮ್ಮಲ್ಲಿ ಬಹಳ ಮಂದಿ ಪಿಯುಸಿ ಮುಗಿದ ದಿನವೇ ಬಯಾಲಜಿ ಪುಸ್ತಕ ರದ್ದಿಗೆ ಹಾಕಿ ಇಂಜಿನಿಯರಿಂಗಿಗೆ ಬಂದೀವಿ. ಆದರೂ ಪೀಟರ್ ಮೆಡವಾರ್ ಅನ್ನೋ ಹೆಸರು ನಮಗೆ ಗೊತ್ತಿರಬೇಕು ಅಂತ ನನ್ನ ಅಭಿಪ್ರಾಯ. ಇವತ್ತು ಒಬ್ಬರ ಕಿಡ್ನಿ ಇನ್ನೊಬ್ಬರ ದೇಹದಲ್ಲಿ ನಿಲ್ಲುತ್ತದೆ ಅಂದರೆ ಅದರ ಹಿಂದಿನ ವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಅವರು ಮುಖ್ಯರು. ಮಜಾ ಅಂದ್ರ, ಅವರು ಡಾಕ್ಟರೇ ಅಲ್ಲ, ಪ್ರಾಣಿಶಾಸ್ತ್ರದವರು.

ಎರಡನೇ ಮಹಾಯುದ್ಧದ ಕಾಲ. ಸುಟ್ಟ ಗಾಯಕ್ಕೆ ಬೇರೆಯವರ ಚರ್ಮ ಹಾಕಿದರೆ ನಿಲ್ಲುತ್ತಿರಲಿಲ್ಲ. ಕಾರಣ ಹುಡುಕಲು ಮೆಡವಾರ್ ಗ್ಲಾಸ್ಗೋದಲ್ಲಿ ಟಾಮ್ ಗಿಬ್ಸನ್ ಎಂಬ ಸರ್ಜನ್ ಜೊತೆ ಸೇರಿದರು. ಸುಟ್ಟುಕೊಂಡಿದ್ದ ಒಬ್ಬ ಹೆಣ್ಣುಮಗಳಿಗೆ ಆಕೆಯ ಸಹೋದರನ ಚರ್ಮದ ಸಣ್ಣ ತುಂಡುಗಳನ್ನು ಹಚ್ಚಿದರು. ಕೆಲವು ದಿನ ಹಿಡಿದು ಆಮೇಲೆ ಹಾಳಾದವು. ಅವನದೇ ಚರ್ಮ ಎರಡನೇ ಸಲ ಹಚ್ಚಿದಾಗ ಇನ್ನೂ ಬೇಗ ಹಾಳಾಯಿತು. ದೇಹ ರೋಗಾಣುವನ್ನು ನೆನಪಿಡುವ ಹಾಗೆಯೇ ಪರರ ಚರ್ಮವನ್ನೂ ನೆನಪಿಡುತ್ತದೆ ಅಂತ 1943ರಲ್ಲಿ ಅವರು ಬರೆದ ವರದಿಯಿಂದ ತಿಳಿಯಿತು.

ಕಮಲಾಪುರದ ಕೆಂಪು ಬಾಳೆ ತಿಂದವರಿಗೆ ಮುಂದಿನದು ಸುಲಭ. ಬಾಳೆ ತೋಟದಾಗ ಬೀಜ ಬಿತ್ತಲ್ಲ, ತಾಯಿಗಿಡದ ಕಂದು ಕಿತ್ತು ನೆಡ್ತಾರ. ತಾಯಿ, ಮರಿ ಎರಡರ ವಂಶವಾಹಿಯೂ ಒಂದೇ. ಮನುಷ್ಯರಲ್ಲಿ ಹಂಗ ಇರೋರು ಒಂದೇ ಅಂಡದ ಅವಳಿಗಳು ಮಾತ್ರ. 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮಾಡಿದ ಯಶಸ್ವಿ ಕಿಡ್ನಿ ಕಸಿ ಅಂಥ ಅವಳಿ ಸಹೋದರರ ನಡುವೆಯೇ. ಉಳಿದವರ ಗತಿ? ಅದಕ್ಕೂ ಒಂದು ವರ್ಷ ಮೊದಲು ಮೆಡವಾರ್, ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್ ಮೂವರೂ ಗರ್ಭದಲ್ಲಿದ್ದ ಇಲಿಮರಿಗಳಿಗೆ ಬೇರೆ ತಳಿಯ ಜೀವಕೋಶ ಚುಚ್ಚಿದ್ದರು. ಅವು ದೊಡ್ಡವಾದ ಮೇಲೆ ಆ ತಳಿಯ ಚರ್ಮವನ್ನು ಒಪ್ಪಿಕೊಂಡವು. ಅಂದರೆ ಈ ಗೋಡೆ ಒಡೆಯಲಾರದ್ದಲ್ಲ. 1960ರಲ್ಲಿ ಬರ್ನೆಟ್ ಜೊತೆ ಮೆಡವಾರ್‌ಗೆ ನೊಬೆಲ್ ಬಂತು. 80ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಔಷಧಿ ಬಂದ ಮೇಲೆ ಪೂರ್ತಿ ಹೊಂದದ ಕಿಡ್ನಿಯೂ ನಿಲ್ಲತೊಡಗಿತು.

ಇಷ್ಟೆಲ್ಲಾ ಆದ ಮ್ಯಾಲ ನಮ್ಮ ಮನ್ಯಾಗ ಏನ್ ನಡೀತದ ನೋಡ್ರಿ. ದೂರದ ಸಂಬಂಧದ ಕಾಕಾ ಒಬ್ಬರು ಕಮಲಾಪುರದಿಂದ ಕಲಬುರಗಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರ್ತಾರ. ಪ್ರತಿ ಸಲ ನಾಲ್ಕು ತಾಸು ಮಷೀನ್ ಮುಂದ, ಅದರ ಮ್ಯಾಲ ಬಸ್ಸಿನ ಹಾದಿ. ಕಿಡ್ನಿ ಯಾರು ಕೊಡಬೇಕು ಅಂತ ಮಾತು ಬಂದಾಗ ಮೊದಲ ಹೆಸರು ಚಿಗವ್ವಂದು, ಎರಡನೇದು ಕಾಕಾನ ಅಕ್ಕಂದು. ಇಬ್ಬರು ತಮ್ಮಂದಿರ ಬ್ಲಡ್ ಗ್ರೂಪ್ ಏನು ಅಂತ ಯಾರೂ ಕೇಳಲಿಲ್ಲ. "ಅವರು ದುಡಿಯೋ ಮಂದಿ" ಅಂದ್ರು. ಚಿಗವ್ವ ದಿನಾ ಹೊಲಕ್ಕ ಹೋಗಿ ಮಾಡೋದು ದುಡಿಮೆ ಅಲ್ಲೇನು?

ವಿಜ್ಞಾನ ಹೇಳೋದು ಬೇರೆ. ಒಡಹುಟ್ಟಿದವರ ಅಂಗಾಂಶ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಗಂಡ ಹೆಂಡತಿ ನಡುವೆ ಅಂಥ ರಕ್ತಸಂಬಂಧವೇ ಇಲ್ಲ (ನಮ್ಮ ಕಡೆಯ ಸೋದರಮಾವನ ಮಗಳ ಮದುವೆ ಬಿಟ್ಟರೆ!). ಆದರೂ ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಬಸಿರಾದ ಹೆಣ್ಣಿನ ದೇಹದಲ್ಲಿ ಗಂಡನ ಅಂಗಾಂಶದ ವಿರುದ್ಧ ಪ್ರತಿಕಾಯ ಹುಟ್ಟಿರಬಹುದು, ಗಂಡನ ಕಿಡ್ನಿ ಹೆಂಡತಿಗೆ ಹೊಂದದಿರಲು ಅದೂ ಒಂದು ಕಾರಣ, ನಿಜ. ಆದರೆ ತಮ್ಮ ಅಣ್ಣನಿಗೆ ಕೊಡದಿರೋದಕ್ಕೆ, ಅಣ್ಣ ತಂಗಿಗೆ ಕೊಡದಿರೋದಕ್ಕೆ ಈ ನೆಪ ನಡೆಯೋದಿಲ್ಲ. ಗ್ಲಾಸ್ಗೋದಲ್ಲಿ ಚರ್ಮ ಕೊಟ್ಟವನು ಗಂಡಸು, ಪಡೆದವಳು ಹೆಣ್ಣುಮಗಳು.

ಇಂಥ ಮಾತು ಮನ್ಯಾಗ ಬಂದಾಗ ನಮ್ಮ ಹುಡುಗರು "ನಂದೂ ಚೆಕ್ ಮಾಡ್ರಿ" ಅನ್ನಬೇಕು. ಚೆಕ್ ಮಾಡಿಸಿದವರೆಲ್ಲ ಕೊಡಲೇಬೇಕು ಅಂತೇನಿಲ್ಲ, ಹೊಂದದೆಯೂ ಹೋಗಬಹುದು. ಬ್ಲಡ್ ಗ್ರೂಪ್ ನೋಡೋಕೆ ಹತ್ತು ನಿಮಿಷ ಸಾಕು. ಕಾಕಾನ ತಮ್ಮಂದಿರು ಅದನ್ನೂ ಇನ್ನೂ ಮಾಡಿಸಿಲ್ಲ.